ಔಷಧದಾನಕ್ಕೆ ಕಟ್ಟಡವಷ್ಟೇ ಸಾಲದು



ಲೇಕ್ ಮಾರ್ಕೆಟ್ಟಿನಲ್ಲಿ ಕುಳಿತು ವೈದ್ಯರ ಕೊರತೆಯನ್ನು ಕುರಿತು ಮಾತನಾಡುವುದು ವಿಚಿತ್ರವೆನಿಸಬಹುದು. ಬಾಳೆಲೆ, ಕಾಫಿಪುಡಿಗಳು ದೊರೆಯುವಷ್ಟೇ ಸುಲಭವಾಗಿ ನಮಗಿಲ್ಲಿ ತಜ್ಞವೈದ್ಯರೂ ದೊರೆಯುತ್ತಾರೆ. ಇದೇ ರಾಜ್ಯದ ಬೀರಭೂಮ್ ಜಿಲ್ಲೆಯ ಹಳ್ಳಿಗಳಲ್ಲಾದರೋ ಮಗುವಿಗೆ ಭೇದಿಯಾದರೆ ತಾಯಿ ಹೆಚ್ಚಾಗಿ ಮೊದಲು ಹೋಗುವುದು ಪದವಿಯಿಲ್ಲದ ‘ಡಾಕ್ಟರ’ನ ಬಳಿಗೆ.

ಇಂಥವರನ್ನು ಜೈಲಿಗೆ ಕಳುಹಿಸುವ ಬದಲು ಕಲಿಸಿ ನೋಡೋಣವೆಂದು ಇಲ್ಲಿನ ಲಿವರ್ ಫೌಂಡೇಶನ್ ಮುಂದೆ ಬಂದಿತು. ಬೀರಭೂಮಿನ 304 ಮಂದಿಯಲ್ಲಿ ಚೀಟಿಯೆತ್ತಿದಂತೆ ಅರ್ಧದಷ್ಟು ಜನರನ್ನು ಆರಿಸಿ ಒಂಬತ್ತು ತಿಂಗಳ ತರಬೇತಿ ನೀಡಲಾಯಿತು. ಅಭಿಜಿತ್ ಚೌಧುರಿ, ಜಿಷ್ಣು ದಾಸ್, ಅಭಿಜಿತ್ ಬ್ಯಾನರ್ಜಿ ಮೊದಲಾದವರು ಅದರ ಫಲವನ್ನು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸರಿಯಾದ ಚಿಕಿತ್ಸೆಯ ಪ್ರಮಾಣ ಸುಮಾರು 8 ಶೇಕಡಾಂಶ ಏರಿತ್ತು. ಅನಗತ್ಯ ಔಷಧ ಕೊಡುವ ಚಾಳಿ ಮಾತ್ರ ತಗ್ಗಿರಲಿಲ್ಲ.

ಲೆಕ್ಕಿಗನಾದ ನನಗೆ ಈ ಎರಡನೆಯ ಸಂಗತಿ ಆಶ್ಚರ್ಯ ತರಲಿಲ್ಲ. ಮಾತ್ರೆ ಮಾರಿ ಹೊಟ್ಟೆ ಹೊರೆಯುವವನಿಗೆ ಎಷ್ಟು ಪಾಠ ಹೇಳಿದರೂ ಅವನ ಆದಾಯದ ಮೂಲ ಬದಲಾಗದು. ಆದ್ದರಿಂದ ತರಬೇತಿಯೊಡನೆ ಸಂಬಳವೂ ಬೇಕು, ಮೇಲೊಬ್ಬ ವೈದ್ಯನ ಕಣ್ಣೂ ಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಸ್ಟೆಡ್ ಅವರು 1965ರಲ್ಲಿ ನೌಕಾಪಡೆಯ ನಾಲ್ವರು ಮಾಜಿ ಆರೋಗ್ಯ ಸಹಾಯಕರೊಂದಿಗೆ ಆರಂಭಿಸಿದ ‘ಫಿಸಿಶಿಯನ್ ಅಸಿಸ್ಟೆಂಟ್’ ಶಿಕ್ಷಣದ ಆಧಾರವೇ ಇದು: ವೈದ್ಯನ ಮೇಲ್ವಿಚಾರಣೆ, ಗೊತ್ತುಪಡಿಸಿದ ಕೆಲಸ, ನಿಶ್ಚಿತ ವೇತನ. ನಮ್ಮ ದೇಶಕ್ಕೆ ಇದು 1992ರಲ್ಲಿ ಬಂದದ್ದು ಮದ್ರಾಸ್ ಮೆಡಿಕಲ್ ಮಿಷನ್ನಿನ ಹೃದ್ರೋಗ ವಿಭಾಗದ ಮೂಲಕ. ಹಾಗೆ ಬಂದದ್ದು ನಗರದ ದೊಡ್ಡ ಆಸ್ಪತ್ರೆಗಳಲ್ಲಿಯೇ ಬೇರೂರಿತು. ಹಳ್ಳಿಯ ದಾರಿ ಹಿಡಿಯಲಿಲ್ಲ.

ಹಳ್ಳಿಗರಿಗೆ ಎರಡನೆಯ ದರ್ಜೆಯ ವೈದ್ಯನೇ ಎಂದು ವೈದ್ಯರ ಸಂಘಗಳು ಕೇಳುತ್ತವೆ. ಕೇಳತಕ್ಕ ಪ್ರಶ್ನೆಯೇ. ಆದರೆ ಈಗ ಅವರಿಗೆ ದೊರೆಯುತ್ತಿರುವವನಿಗೆ ಯಾವ ದರ್ಜೆಯೂ ಇಲ್ಲವಲ್ಲ! 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ 32ನೆಯ ಕಲಮು ಸೀಮಿತ ಪರವಾನಗಿಗೆ ಎಡೆ ಮಾಡಿದೆ. 2021ರ ಸಹ ಆರೋಗ್ಯವೃತ್ತಿಗಳ ಕಾಯಿದೆ ವೈದ್ಯ ಸಹಾಯಕರ ವೃತ್ತಿಯನ್ನು ಪಟ್ಟಿಗೆ ಸೇರಿಸಿದೆ. ಸರ್ಕಾರಗಳಿಗೆ ಕಾನೂನಿನ ಕೊರತೆಯ ನೆಪವಿಲ್ಲ.

ನಮ್ಮ ಸಮಾಜಕ್ಕೂ ಇಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಔಷಧದಾನವನ್ನು ನಾವು ಬಹುಪಾಲು ಕಟ್ಟಡವಾಗಿಸಿದ್ದೇವೆ. ಕಟ್ಟಡಕ್ಕೆ ಅಮೃತಶಿಲೆಯ ಫಲಕವುಂಟು, ದಾನಿಯ ಹೆಸರುಂಟು. ಸಂಬಳದ ಪಟ್ಟಿಯ ಮೇಲೆ ಯಾರ ಹೆಸರನ್ನು ಕೆತ್ತುವುದು? ಬಂಡವಾಳ ವೆಚ್ಚಕ್ಕೆ ಹತ್ತು ಕೈಗಳು ಮುಂದೆ ಬರುತ್ತವೆ, ಪುನರಾವರ್ತಿ ವೆಚ್ಚಕ್ಕೆ ಸಭೆ ಮೌನವಾಗುತ್ತದೆ. ಬಾಗಿಲು ಮುಚ್ಚಿದ ಧರ್ಮಾರ್ಥ ಚಿಕಿತ್ಸಾಲಯಗಳ ಲೆಕ್ಕಪತ್ರ ತೆರೆದರೆ ಈ ಮೌನವೇ ಕಾಣುತ್ತದೆ.

ಲೆಕ್ಕ ಸರಳವಾಗಿದೆ. ಒಬ್ಬ ಸಹಾಯಕನಿಗೆ ತಿಂಗಳಿಗೆ 25,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3 ಲಕ್ಷ. ಶೇ. 6ರ ಬಡ್ಡಿಯಲ್ಲಿ 50 ಲಕ್ಷದ ಮೂಲನಿಧಿ ಅದನ್ನು ಭರಿಸುತ್ತದೆ. ಔಷಧ, ಪ್ರಯಾಣ, ಮೇಲ್ವಿಚಾರಕ ವೈದ್ಯರ ಗೌರವಧನ, ವರ್ಷವರ್ಷದ ಬೆಲೆಯೇರಿಕೆ ಬೇರೆ. ಉದ್ಯಮಿಗಳಾದವರು 2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಶೇ. 2ರ ಹಣವನ್ನೂ ಆರೋಗ್ಯಸೇವೆಗೆ ನೀಡಬಹುದು.

ನನ್ನ ಸೂಚನೆ ಇಷ್ಟು: ಮುಂದಿನ ದಶಲಕ್ಷಣ ಪರ್ವದೊಳಗೆ ಟ್ರಸ್ಟಿಗಳು ಹೊಸ ಕಟ್ಟಡದ ಒಂದು ಅಂತಸ್ತನ್ನು ಬಿಟ್ಟು, ಆ ಮೊತ್ತವನ್ನು ಇಬ್ಬರು ಹಳ್ಳಿ ಯುವತಿಯರ ಶಿಕ್ಷಣಕ್ಕೂ ಆಮೇಲಿನ ಸಂಬಳಕ್ಕೂ ಪ್ರತ್ಯೇಕ ನಿಧಿಯಾಗಿ ಇಡಲಿ. ನಿಧಿಯ ಲೆಕ್ಕಪರಿಶೋಧನೆಯನ್ನು ಶುಲ್ಕವಿಲ್ಲದೆ ಮಾಡಿಕೊಡಲು ನಾನು ಒಪ್ಪಿದ್ದೇನೆ.