ಏರುವ ಹೊಳೆಯ ಮುಂದೆ

ಮಹಾಬಳೇಶ್ವರದ ಗಿರಿಶಿಖರಗಳಲ್ಲಿ ಮಳೆ ಎಡೆಬಿಡದೆ ಸುರಿಯತೊಡಗಿ, ಸುಮಾರು 105 ಟಿ.ಎಂ.ಸಿ. ನೀರನ್ನು ಧರಿಸಬಲ್ಲ ಕೊಯ್ನಾ ಜಲಾಶಯದ ಬಾಗಿಲುಗಳು ತೆರೆದುವೆಂಬ ವಾರ್ತೆ ಬಂದೊಡನೆಯೇ, ತಮ್ಮೂರಿನ ಆಕಾಶ ನಿರ್ಮಲವಾಗಿದ್ದರೂ, ಚಿಕ್ಕೋಡಿ ಸೀಮೆಯ ಕೃಷ್ಣಾತೀರದ ಜನರು ಹೊಳೆಯ ಕಡೆಗೆ ದೃಷ್ಟಿ ನೆಟ್ಟು ನಿಲ್ಲುತ್ತಾರೆ. ಕರಾಡದಲ್ಲಿ ಕೊಯ್ನೆಯನ್ನೂ ನರಸೋಬನವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ಬರುವ ಆ ಮಹಾನದಿಗೆ ಇಲ್ಲಿ ದೂಧಗಂಗೆಯೂ ಸೇರುವುದರಿಂದ, ಕಲ್ಲೋಳ–ಯಡೂರಿನ ತಗ್ಗು ಸೇತುವೆಯೇ ಮೊದಲು ಮುಳುಗುವುದು. ಆಮೇಲೆ ಕಬ್ಬಿನ ಹೊಲಗಳು.

ನೀರಂಚಿನಲ್ಲಿ ಒಂದು ಕಲ್ಲನ್ನಿಟ್ಟು, ಗಳಿಗೆಗೊಮ್ಮೆ ಬಂದು, ಅದು ಮುಳುಗಿತೆ ಎಂದು ನೋಡುವ ಮುದುಕನ ಮೌನವನ್ನು ಕಂಡವರಿಗೆ ಪ್ರವಾಹವೆಂದರೇನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮನೆಯೊಳಗೆ ಜೋಳದ ಚೀಲಗಳು ಅಟ್ಟವೇರುತ್ತವೆ. ಹೊಲದ ಕಾಗದಪತ್ರಗಳೂ ಮಕ್ಕಳ ಪಾಠಪುಸ್ತಕಗಳೂ ಒಂದೇ ಗಂಟಾಗುತ್ತವೆ. ದನಕರುಗಳನ್ನು ಬಿಟ್ಟು ಹೊರಡಲು ಮಾತ್ರ ಯಾರೂ ಒಪ್ಪರು. ಇದನ್ನು ಹಟವೆಂದು ಕರೆಯುವವರುಂಟು. ಹಾಲಿನಿಂದ ಸಂಸಾರವನ್ನು ಸಲಹಿದ ಎಮ್ಮೆಯನ್ನು ಕಂಬದಲ್ಲಿಯೇ ಬಿಟ್ಟು ದೋಣಿಯೇರಲಾರದ ಆ ಮನಸ್ಸು ನನಗೆ ಪೂಜ್ಯವಾಗಿ ತೋರುತ್ತದೆ. 2019ರ ಆಗಸ್ಟಿನಲ್ಲಿ ಊರೂರೇ ಜಲಾವೃತವಾದುದನ್ನು ಅವರು ಮರೆತಿಲ್ಲ. ಆದುದರಿಂದಲೇ ಈಗ ರಾಸುಗಳನ್ನು ಮೊದಲು ದಿಬ್ಬಕ್ಕೆ ಸಾಗಿಸುತ್ತಾರೆ, ಎತ್ತರದಲ್ಲಿ ಮನೆಯಿರುವವರು ತಗ್ಗಿನವರಿಗೆ ಪಡಸಾಲೆಯನ್ನು ತೆರವುಮಾಡಿಕೊಡುತ್ತಾರೆ.

ಇಷ್ಟೆಲ್ಲದರ ನಡುವೆಯೂ ಹೆಂಗಸರು ಹಸಿರು ಬಳೆ, ಕುಪ್ಪಸದ ಕಣ, ಅರಿಸಿನ ಕುಂಕುಮಗಳನ್ನು ಹಿಡಿದು ಏರುವ ನೀರಿನವರೆಗೆ ನಡೆದುಹೋಗಿ, ತಮ್ಮ ಮನೆಯನ್ನೇ ನುಂಗಬಹುದಾದ ಆ ಹೊಳೆವ್ವನಿಗೆ, ತವರಿಗೆ ಬಂದ ಮಗಳಿಗೆಂಬಂತೆ, ಉಡಿ ತುಂಬುತ್ತಾರೆ. ಬಳಿಕ ತಿರುಗಿ ಬಂದು, ಗಂಟುಗಳನ್ನು ತಲೆಗೇರಿಸಿಕೊಂಡು ದಿಬ್ಬದ ದಾರಿ ಹಿಡಿಯುತ್ತಾರೆ.