ಟ್ರಿನಿಡಾಡಿಗೆ ಹೊರಟವರಿಗೆ ನಾಲ್ಕು ಮಾತು

ಕನ್ನಡದಲ್ಲಿ ‘ಕೂಲಿ’ ಎಂಬ ಮಾತಿಗೆ ಹೇಳಿಕೊಳ್ಳುವಂಥ ಕಳಂಕವೇನೂ ಅಂಟಿಲ್ಲ. ಹಗಲೆಲ್ಲ ದುಡಿದವರ ಕೈಗೆ ಸಂಜೆ ಬರುವುದು ಕೂಲಿ. ನಾಟಿಗೋ ಕಳೆಗೋ ಹೋದವರು ‘ಕೂಲಿಗೆ ಹೋಗಿದ್ದೆವು’ ಎಂದು ತಾವೇ ಹೇಳಿಕೊಳ್ಳುತ್ತಾರೆ. ಇದೇ ಎರಡಕ್ಷರವನ್ನು ಕೆರಿಬಿಯನ್ ದ್ವೀಪವಾದ ಟ್ರಿನಿಡಾಡಿನಲ್ಲಿ ಬಾಯಿತಪ್ಪಿ ಆಡಿದರೂ ಸಾಕು, ಎದುರಿಗಿದ್ದವರ ಮುಖ ಬಿಗಿದುಕೊಳ್ಳುತ್ತದೆ. ಅಲ್ಲಿ ಅದು ಶುದ್ಧ ಬೈಗುಳ. ತೋಟದ ಮಾಲೀಕನೂ ಮೇಸ್ತ್ರಿಯೂ ಪೊಲೀಸನೂ ಅವರ ಅಜ್ಜ ಅಜ್ಜಿಯರನ್ನು ಹೆಸರು ಹಿಡಿದು ಕರೆಯದೆ ಕರೆದದ್ದು ಇದೇ ಮಾತಿನಿಂದ. ಈ ಶಬ್ದ ದ್ರಾವಿಡ ಭಾಷೆಗಳಿಂದ ಹೋಯಿತೋ, ಗುಜರಾತಿನ ಕೋಳಿ ಜನಾಂಗದ ಹೆಸರಿನಿಂದ ಹುಟ್ಟಿತೋ ಎಂಬುದರಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಏನೇ ಇರಲಿ, ಆ ದೇಶಕ್ಕೆ ನೆಲೆಸಲು ಹೊರಟವರು ಮನೆಯಲ್ಲೇ ಬಿಟ್ಟು ಹೋಗಬೇಕಾದ ಮೊದಲ ಸಾಮಾನು ಇದು.

ಟ್ರಿನಿಡಾಡ್ ಮತ್ತು ಟೊಬೇಗೊ ಎಂಬ ಜೋಡಿ ದ್ವೀಪಗಳ ಗಣರಾಜ್ಯ ಒಟ್ಟು 5,128 ಚದರ ಕಿಲೋಮೀಟರ್. ಕೊಡಗು ಜಿಲ್ಲೆಗಿಂತ ಕೊಂಚ ದೊಡ್ಡದು ಅಷ್ಟೆ. ದಕ್ಷಿಣ ಅಮೆರಿಕದ ವೆನೆಜುವೆಲಾ ಕೂಗಳತೆಯಲ್ಲಿದೆ ಎನ್ನಬಹುದು, ನಡುವೆ ಇರುವುದು ಹನ್ನೊಂದು ಕಿಲೋಮೀಟರ್ ನೀರು. ನೆಲದಡಿ ಎಣ್ಣೆಯೂ ಅನಿಲವೂ ಇರುವುದರಿಂದ ಪರದೇಶದ ಎಂಜಿನಿಯರುಗಳು ಅಲ್ಲಿಗೆ ಹೋಗುವುದು ಹೊಸತಲ್ಲ. ಭಾರತದಿಂದ ವೈದ್ಯರು, ಅಧ್ಯಾಪಕರು, ವ್ಯಾಪಾರಿಗಳು, ದೇವಸ್ಥಾನದ ಪುರೋಹಿತರೂ ಹೋಗುತ್ತಾರೆ. ಉಳಿದ ಪರದೇಶಿಗಳಿಗೆ ಆ ನೆಲ ಅಪರಿಚಿತವಾಗಿ ಕಾಣುತ್ತದೆ, ಹಾಗಾಗಿ ಅವರು ಹೆಜ್ಜೆ ನೋಡಿ ಇಡುತ್ತಾರೆ. ಭಾರತದಿಂದ ಹೋದವರಿಗೆ ಮಾತ್ರ ಇಳಿದ ದಿನವೇ ಎಲ್ಲ ಪರಿಚಿತವೆನಿಸುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಬೀದಿಯಲ್ಲಿ ಕಾಣುವ ಮುಖಗಳು ನಮ್ಮ ಕಡೆಯವು. ಅಂಗಡಿಯ ಫಲಕದ ಮೇಲೆ ರಾಮ್‌ಲೋಗನ್, ಮಹಾರಾಜ್, ಮೊಹಮ್ಮದ್. ಮನೆಯಂಗಳದಲ್ಲಿ ಬಿದಿರುಗಳಕ್ಕೆ ಕಟ್ಟಿದ ಕೆಂಪು ಹಳದಿ ಬಾವುಟಗಳು, ಅಂದರೆ ಆ ಮನೆಯಲ್ಲಿ ಪೂಜೆಯಾಗಿದೆ. ಮಕ್ಕಳು ತಂದೆಯ ತಂದೆಯನ್ನು ‘ಆಜಾ’ ಎನ್ನುತ್ತಾರೆ, ತಾಯಿಯ ತಾಯಿಯನ್ನು ‘ನಾನಿ’. ಇಷ್ಟು ಕಂಡಮೇಲೆ ಹೊಸಬರು ಉತ್ಸಾಹದಿಂದ ಹಿಂದಿಯಲ್ಲಿ ಮಾತು ತೆಗೆಯುತ್ತಾರೆ. ಎದುರಿನವರಿಗೆ ಹಿಂದಿ ಬಾರದು. ಚಲನಚಿತ್ರದ ಹಾಡು ಬಾಯಿಪಾಠ ಇರಬಹುದು, ಅರ್ಥ ಗೊತ್ತಿರಬೇಕೆಂದಿಲ್ಲ. ಅವರ ಮನೆಮಾತು ಇಂಗ್ಲಿಷು, ಅದೂ ಆ ದ್ವೀಪದ್ದೇ ಆದ ಇಂಗ್ಲಿಷು. ಎರಡನೆಯ ಪ್ರಶ್ನೆ: ‘ನಿಮ್ಮ ಮೂಲ ಊರು ಯಾವುದು?’ ಉತ್ತರ ಪೆನಾಲ್ ಎಂದೋ ಕೂವಾ ಎಂದೋ ಬರುತ್ತದೆ. ಅವೆರಡೂ ಟ್ರಿನಿಡಾಡಿನ ಊರುಗಳೇ. ‘ಅದಲ್ಲ, ಭಾರತದಲ್ಲಿ?’ ಎಂದು ಮತ್ತೆ ಕೇಳುವುದು ಒಳ್ಳೆಯದಲ್ಲ. ಬಹಳ ಜನಕ್ಕೆ ಅದು ಗೊತ್ತಿಲ್ಲ, ಗೊತ್ತಿಲ್ಲವೆಂದು ಹೇಳಬೇಕಾಗಿ ಬರುವುದೇ ಒಂದು ನೋವು.

ಇಲ್ಲಿ ಸ್ವಲ್ಪ ಚರಿತ್ರೆ ನೋಡದೆ ಮುಂದೆ ಹೋಗುವಂತಿಲ್ಲ. ಬ್ರಿಟಿಷರು ಈ ದ್ವೀಪವನ್ನು ಸ್ಪೇನಿನವರಿಂದ ಕಸಿದುಕೊಂಡದ್ದು 1797ರಲ್ಲಿ. ಆಫ್ರಿಕಾದಿಂದ ತಂದ ಗುಲಾಮರು ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದರು. 1834ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ರದ್ದಾಯಿತು, 1838ರಲ್ಲಿ ಪೂರ್ಣ ಬಿಡುಗಡೆ ಸಿಕ್ಕಿತು. ಬಿಡುಗಡೆಯಾದವರು ಅದೇ ತೋಟದಲ್ಲಿ ಅದೇ ಮಾಲೀಕನ ಕೈಕೆಳಗೆ ಅಲ್ಪ ಸಂಬಳಕ್ಕೆ ದುಡಿಯಲು ಒಪ್ಪಲಿಲ್ಲ, ಸಹಜವೇ. ಆಗ ತೋಟದ ಮಾಲೀಕರ ಕಣ್ಣು ಭಾರತದ ಮೇಲೆ ಬಿತ್ತು. 1845ರ ಮೇ 30ರಂದು ‘ಫತೆಲ್ ರಜಾಕ್’ ಎಂಬ ಹಡಗು ಕಲ್ಕತ್ತೆಯಿಂದ ಸುಮಾರು 225 ಜನರನ್ನು ಹೊತ್ತು ಪೋರ್ಟ್ ಆಫ್ ಸ್ಪೇನ್ ತಲುಪಿತು. 1917ರವರೆಗೆ ಹೀಗೆ ಬಂದವರು 1,40,000ಕ್ಕೂ ಹೆಚ್ಚು. ಬಹುಪಾಲು ಭೋಜಪುರಿ ಸೀಮೆಯವರು. ಒಂದಷ್ಟು ಜನ ಮದ್ರಾಸಿನ ಬಂದರಿನಿಂದ ಹತ್ತಿದವರು. ಐದು ವರ್ಷದ ಕರಾರು, ತೋಟ ಬಿಟ್ಟು ಹೊರಗೆ ಕಾಲಿಡಲು ಚೀಟಿ ಬೇಕು, ಕೆಲಸ ತಪ್ಪಿಸಿದರೆ ಜೈಲು. ಕರಾರು ಮುಗಿದ ಮೇಲೆ ಕೆಲವರು ಮರಳಿದರು. ಹೆಚ್ಚಿನವರು ಅಲ್ಲೇ ತುಂಡು ನೆಲ ಹಿಡಿದು ಉಳಿದರು.

ಹಡಗಿನಲ್ಲಿ ಮೂರು ತಿಂಗಳು ಒಟ್ಟಿಗೆ ಕಳೆದವರು ಪರಸ್ಪರ ‘ಜಹಾಜಿ ಭಾಯಿ’ಗಳಾದರು. ಒಂದೇ ಒಲೆ, ಒಂದೇ ನೀರು. ಜಾತಿ ಸಮುದ್ರದ ಪಾಲಾಯಿತು. ಪೂರ್ತಿ ಅಲ್ಲ, ‘ಮಹಾರಾಜ್’ ಎಂಬ ಹೆಸರಿನಲ್ಲಿ ಬ್ರಾಹ್ಮಣಿಕೆಯ ನೆನಪು ಇಂದಿಗೂ ಇದೆ. ಆದರೆ ಯಾರ ಮನೆಯಲ್ಲಿ ನೀರು ಕುಡಿಯಬೇಕು ಎಂದು ಲೆಕ್ಕ ಹಾಕುವ ಜಾತಿ ಉಳಿಯಲಿಲ್ಲ. ಮದುವೆ ಮಾತುಕತೆಯ ನೆಪದಲ್ಲೋ, ಸುಮ್ಮನೆ ಕುತೂಹಲಕ್ಕೋ ‘ನಿಮ್ಮದು ಯಾವ ಜನ?’ ಎಂದು ಕೇಳುವ ನಮ್ಮವರ ಚಪಲ ಅಲ್ಲಿ ಸಲ್ಲದು. ಇನ್ನೂ ಒಂದು ಸಂಗತಿ. ಹಿಂದೂ ಪದ್ಧತಿಯ ಮದುವೆಗೆ ಅಲ್ಲಿ ಕಾನೂನಿನ ಮಾನ್ಯತೆ ಕೊಡುವ ಶಾಸನ ಬಂದದ್ದು 1945ರಲ್ಲಿ. ಅಲ್ಲಿಯವರೆಗೆ ಪುರೋಹಿತರ ಮುಂದೆ ಸಪ್ತಪದಿ ತುಳಿದ ದಂಪತಿಗಳ ಮಕ್ಕಳನ್ನು ಸರ್ಕಾರದ ದಾಖಲೆ ಅಕ್ರಮ ಸಂತಾನವೆಂದೇ ಬರೆಯುತ್ತಿತ್ತು. ಇಷ್ಟನ್ನು ತಾಳಿಕೊಂಡು ಪೂಜೆ, ಬಾವುಟ, ರಾಮಾಯಣ ಉಳಿಸಿಕೊಂಡವರಿಗೆ ನಿನ್ನೆ ಮೊನ್ನೆ ವಿಮಾನದಲ್ಲಿ ಇಳಿದವರು ‘ನಿಮ್ಮ ಮಂತ್ರೋಚ್ಚಾರಣೆ ಸರಿಯಿಲ್ಲ’ ಎಂದು ತಿದ್ದಹೊರಟರೆ ಹೇಗಿದ್ದೀತು?

ಇನ್ನು ದಿನನಿತ್ಯದ ವ್ಯವಹಾರ. ಅಂಗಡಿ, ಬ್ಯಾಂಕು, ವೈದ್ಯರ ಕೋಣೆ, ಬಾಡಿಗೆ ವಾಹನ, ಎಲ್ಲಿಗೆ ಕಾಲಿಟ್ಟರೂ ಮೊದಲು ‘ಗುಡ್ ಮಾರ್ನಿಂಗ್’ ಎನ್ನಬೇಕು. ಹೇಳದೆ ನೇರವಾಗಿ ‘ಸಕ್ಕರೆ ಎಷ್ಟು?’ ಎಂದವರಿಗೆ ಉತ್ತರವೇ ಬಾರದಿರಬಹುದು. ಕತ್ತಲಾದ ಮೇಲೆ ಒಳಗೆ ಬರುವಾಗಲೂ ‘ಗುಡ್ ನೈಟ್’ ಎನ್ನುತ್ತಾರೆ. ಅದು ಬೀಳ್ಕೊಡುಗೆಯಲ್ಲ, ನಮಸ್ಕಾರ. ಬಂದ ಅತಿಥಿ ಬಾಗಿಲಲ್ಲೇ ‘ಗುಡ್ ನೈಟ್’ ಎಂದನೆಂದು ಗಾಬರಿಯಾಗಬೇಕಿಲ್ಲ. ‘ಜಸ್ಟ್ ನೌ’ ಎಂದರೆ ಈ ಕ್ಷಣ ಎಂದಲ್ಲ, ಸ್ವಲ್ಪ ಹೊತ್ತಿನಲ್ಲಿ. ಆ ಸ್ವಲ್ಪ ಎಷ್ಟೆಂಬುದು ಹೇಳಿದವರಿಗೂ ಗೊತ್ತಿರುವುದಿಲ್ಲ. ‘ಲೈಮ್’ ಮಾಡುವುದು ಎಂದರೆ ನಾಲ್ಕು ಜನ ಸೇರಿ ಕೆಲಸವಿಲ್ಲದೆ ಹರಟುವುದು. ಹಳ್ಳಿಯ ಅರಳಿಕಟ್ಟೆಯ ಪರಿಚಯ ಇರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕರೆದಾಗ ಹೋಗದಿರುವುದು ಅಹಂಕಾರವೆನಿಸುತ್ತದೆ.

ವಾಹನಗಳು ಭಾರತದಂತೆಯೇ ರಸ್ತೆಯ ಎಡಬದಿಯಲ್ಲಿ ಓಡುತ್ತವೆ. ಮ್ಯಾಕ್ಸಿ ಟ್ಯಾಕ್ಸಿಯ ಮೈಮೇಲಿನ ಪಟ್ಟಿಯ ಬಣ್ಣ ಅದು ಓಡುವ ಸೀಮೆಯನ್ನು ಹೇಳುತ್ತದೆ: ಪೂರ್ವಕ್ಕೆ ಕೆಂಪು, ಮಧ್ಯ ಮತ್ತು ದಕ್ಷಿಣಕ್ಕೆ ಹಸಿರು, ಟೊಬೇಗೊದಲ್ಲಿ ನೀಲಿ. ಬಾಡಿಗೆ ಕಾರಿನ ನೋಂದಣಿ ಸಂಖ್ಯೆ ‘ಎಚ್’ ಅಕ್ಷರದಿಂದ ಶುರುವಾಗಬೇಕು. ‘ಪಿ’ ಅಕ್ಷರದ ಖಾಸಗಿ ಕಾರುಗಳೂ ಬಾಡಿಗೆಗೆ ಕೂಗುತ್ತವೆ, ಅದು ಕಾನೂನುಬಾಹಿರ. ಹೊಸಬರು ಹತ್ತದಿರುವುದು ಕ್ಷೇಮ. ಮನೆಯ ವಿದ್ಯುತ್ತು 115 ವೋಲ್ಟು, ಚಪ್ಪಟೆ ಮುಳ್ಳಿನ ಪ್ಲಗ್ಗು. ಊರಿನಿಂದ ಮಿಕ್ಸಿಯನ್ನೋ ದೋಸೆಹಿಟ್ಟು ರುಬ್ಬುವ ಗ್ರೈಂಡರನ್ನೋ ಹೊತ್ತುಕೊಂಡು ಹೋದವರು ಅದನ್ನು ಅಲಂಕಾರಕ್ಕೆ ಇಟ್ಟುಕೊಳ್ಳಬೇಕಾದೀತು. ನಲ್ಲಿಯ ನೀರು ಹಲವು ಕಡೆ ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ ಬರುವುದರಿಂದ ಮನೆ ಹಿಡಿಯುವಾಗ ತೊಟ್ಟಿ ಎಷ್ಟು ದೊಡ್ಡದೆಂದು ಕೇಳಬೇಕು. ಬೆಂಗಳೂರಿನವರಿಗೆ ಇದನ್ನು ಕಲಿಸುವ ಅಗತ್ಯವಿಲ್ಲ ಬಿಡಿ. ಜನವರಿಯಿಂದ ಮೇವರೆಗೆ ಒಣಹವೆ, ಜೂನ್‌ನಿಂದ ಡಿಸೆಂಬರ್‌ವರೆಗೆ ಮಳೆ. ಚಂಡಮಾರುತಗಳು ಹೆಚ್ಚಾಗಿ ಉತ್ತರಕ್ಕೆ ಸರಿದು ಹೋಗುತ್ತವೆ, 1963ರಲ್ಲಿ ಟೊಬೇಗೊವನ್ನು ಹಾಳುಗೆಡವಿದ ‘ಫ್ಲೋರಾ’ ಅಪವಾದ. ತಗ್ಗಿನ ಬಯಲಿನಲ್ಲಿ ನೆರೆಯ ಕಾಟ ಮಾತ್ರ ಉಂಟು.

ಯಾರೂ ಊಹಿಸದ ಒಂದು ನಿಯಮ: ಸೈನಿಕರ ಸಮವಸ್ತ್ರದಂತೆ ಹಸಿರು ಕಂದು ಮಚ್ಚೆಗಳಿರುವ ಬಟ್ಟೆಯನ್ನು ಸಾಮಾನ್ಯ ಜನ ಧರಿಸುವುದು ಅಲ್ಲಿ ಅಪರಾಧ. ಮಕ್ಕಳ ಚಡ್ಡಿ, ಚೀಲಕ್ಕೂ ಇದು ಅನ್ವಯ. ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲು ಸರ್ಕಾರದ ಪರವಾನಗಿ ಬೇಕು. ಅದಕ್ಕೆ ಅರ್ಜಿ ಹಾಕಬೇಕಾದವರು ಕೆಲಸ ಕೊಡುವವರು, ಆ ಕೆಲಸಕ್ಕೆ ಸ್ಥಳೀಯರು ಸಿಗಲಿಲ್ಲವೆಂದು ತೋರಿಸಬೇಕಾದವರೂ ಅವರೇ. ಅದು ಕೈಗೆ ಬರುವ ಮೊದಲು ಇಲ್ಲಿನ ನೌಕರಿ ಬಿಡುವುದು ಅವಿವೇಕ. ಹಾಗೆಯೇ ಮುಚ್ಚಿಡಲಾಗದ ಮಾತು: 2024ರಲ್ಲಿ ಆ ಪುಟ್ಟ ದೇಶದಲ್ಲಿ 600ಕ್ಕೂ ಹೆಚ್ಚು ಕೊಲೆಗಳಾದವು, ವರ್ಷದ ಕೊನೆಯಲ್ಲಿ ಸರ್ಕಾರ ತುರ್ತುಪರಿಸ್ಥಿತಿ ಘೋಷಿಸಿತು. ಬಹುಪಾಲು ಗುಂಪುಗಳ ನಡುವಿನ ಹೊಡೆದಾಟ ನಿಜ; ಆದರೂ ಯಾವ ಬಡಾವಣೆಯಲ್ಲಿ ಮನೆ ಹಿಡಿಯಬೇಕೆಂಬುದನ್ನು ಸಹೋದ್ಯೋಗಿಗಳನ್ನು ಕೇಳಿಯೇ ನಿರ್ಧರಿಸಬೇಕು.

ಊಟದ ವಿಷಯ ಇಷ್ಟು ಕಷ್ಟದ್ದಲ್ಲ. ಕಡಲೆಬೇಳೆಯಂಥ ಬೇಳೆಯನ್ನು ಬೇಯಿಸಿ, ಜೀರಿಗೆ ಹಾಕಿ ಪುಡಿಮಾಡಿ ಕಣಕದೊಳಗೆ ತುಂಬಿ ಲಟ್ಟಿಸಿದ ‘ದಾಲ್‌ಪುರಿ’ಯನ್ನು ಕಂಡರೆ ಹೋಳಿಗೆಗೆ ಯಾರೋ ಬೆಲ್ಲ ಮರೆತಿದ್ದಾರೆ ಎನಿಸುತ್ತದೆ. ಸುಟ್ಟ ಬದನೆಕಾಯಿಯ ‘ಚೋಕಾ’ ನಮ್ಮ ಗೊಜ್ಜಿನ ಹತ್ತಿರದ ನೆಂಟ. ಬೆಳಗಾದರೆ ರಸ್ತೆಬದಿಯಲ್ಲಿ ‘ಡಬಲ್ಸ್’ ಮಾರುತ್ತಾರೆ: ಮೆತ್ತಗೆ ಕರಿದ ಎರಡು ‘ಬಾರಾ’, ನಡುವೆ ಕಾಬೂಲಿ ಕಡಲೆಯ ಪಲ್ಯ. ಬ್ಯಾಂಕಿನ ಅಧಿಕಾರಿಯೂ ಗಾರೆ ಕೆಲಸದವನೂ ಅಕ್ಕಪಕ್ಕ ನಿಂತು ಕಾಗದದಲ್ಲಿ ತಿನ್ನುವ ತಿಂಡಿ ಇದು. ಖಾರ ಎಷ್ಟೆಂದು ಕೇಳಿದಾಗ ‘ಸ್ಲೈಟ್’ ಎಂದರೆ ಪ್ರಾಣಾಪಾಯವಿಲ್ಲ. ದ್ವೀಪದ ದಕ್ಷಿಣದ ಮೊರುಗಾ ಎಂಬ ಊರಿನ ಮೆಣಸಿನಕಾಯಿ 2012ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ವಿಜ್ಞಾನಿಗಳ ಪರೀಕ್ಷೆಯಲ್ಲಿ ಜಗತ್ತಿನಲ್ಲೇ ಅತಿ ಖಾರದ್ದೆಂದು ಕಂಡುಬಂದಿತ್ತು. ಬ್ಯಾಡಗಿ ತಿಂದ ಧೈರ್ಯ ಅಲ್ಲಿ ಸಾಲದು.

ಎಲ್ಲಕ್ಕಿಂತ ನಾಜೂಕಿನದು ‘ನಮ್ಮವರು’ ಎಂಬ ಮಾತು. 2011ರ ಜನಗಣತಿಯಂತೆ ಭಾರತ ಮೂಲದವರು ಶೇ 35.4, ಆಫ್ರಿಕಾ ಮೂಲದವರು ಶೇ 34.2, ಮಿಶ್ರ ಮೂಲದವರು ಶೇ 22.8. ರಾಜಕೀಯ ಪಕ್ಷಗಳೂ ಬಹುಮಟ್ಟಿಗೆ ಇದೇ ಗೆರೆಯ ಆಚೀಚೆ ನಿಂತಿವೆ. 1995ರಲ್ಲಿ ಬಸ್‌ದೇವ್ ಪಾಂಡೆ ಭಾರತ ಮೂಲದ ಮೊದಲ ಪ್ರಧಾನಿಯಾದರು. ಕಮಲಾ ಪರ್ಸಾದ್ ಬಿಸೇಸರ್ 2010ರಲ್ಲಿ, ಮತ್ತೆ 2025ರಲ್ಲಿ ಗೆದ್ದರು. ‘ಈಗ ನಮ್ಮವರ ಸರ್ಕಾರ’ ಎಂದು ಕಚೇರಿಯಲ್ಲಿ ಬೀಗುವ ಹೊಸಬರು ಅರ್ಧ ದೇಶವನ್ನು ಒಂದೇ ಉಸಿರಿಗೆ ಪರಕೀಯವಾಗಿಸುತ್ತಾರೆ. ಕಪ್ಪು ಬಣ್ಣದ ಬಗ್ಗೆ ಇಲ್ಲಿ ಸಲೀಸಾಗಿ ಆಡುವ ಮಾತುಗಳು ಅಲ್ಲಿ ಕಿವಿಗೆ ಬಿದ್ದರೆ ಭಾರತ ಮೂಲದ ನೆರೆಯವರೇ ತಲೆತಗ್ಗಿಸುತ್ತಾರೆ, ಏಕೆಂದರೆ ಅವರ ಅಳಿಯನೋ ಸೊಸೆಯೋ ಆಫ್ರಿಕಾ ಮೂಲದವರಿರಬಹುದು. ಕ್ರಿಕೆಟ್ಟಿನ ಮಾತಾದರೆ ಧಾರಾಳವಾಗಿ ಆಡಬಹುದು. 1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನಿನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿ ಭಾರತ 4 ವಿಕೆಟ್ಟಿಗೆ 406 ರನ್ ಮಾಡಿ ಗೆದ್ದಾಗ ಭದ್ರಾವತಿಯ ವಿಶ್ವನಾಥ್ 112 ಹೊಡೆದದ್ದನ್ನು ನೆನಪಿಸಿಕೊಳ್ಳುವ ಹಿರಿಯರು ಅಲ್ಲಿ ಸಿಕ್ಕಾರು. ಅವರು ಲಾರಾ ಬಗ್ಗೆ ಹೇಳಿದ್ದನ್ನೂ ಅಷ್ಟೇ ಹೊತ್ತು ಕೇಳಬೇಕು.

ಹಬ್ಬಗಳಲ್ಲಿ ಈ ಬೆರಕೆ ಸುಲಭವಾಗಿ ಕಾಣುತ್ತದೆ. ದೀಪಾವಳಿ 1966ರಿಂದ ಸರ್ಕಾರಿ ರಜೆ. ಕಾರ್ನಿವಲ್‌ನ ಸೋಮವಾರ ಮಂಗಳವಾರಗಳಿಗೆ ಅಧಿಕೃತ ರಜೆ ಇಲ್ಲ, ಆದರೆ ಆ ಎರಡು ದಿನ ಕೆಲಸವಾಗುತ್ತದೆಂದು ನಂಬಿದವರು ಮೂರ್ಖರಾಗುತ್ತಾರೆ. ಸೇಂಟ್ ಜೇಮ್ಸ್ ಬಡಾವಣೆಯಲ್ಲಿ ಮೊಹರಂ ‘ಹೊಸೇ’ ಎಂಬ ಹೆಸರಿನಲ್ಲಿ ನಡೆಯುತ್ತದೆ. ಬಿದಿರು ಕಾಗದದ ತಾಬೂತು, ತಾಸೆಯ ಬಡಿತ. ತಾಸೆ ಹಿಡಿದವರಲ್ಲಿ ಹಿಂದೂಗಳೂ ಆಫ್ರಿಕಾ ಮೂಲದವರೂ ಇರುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಲಾಯಿ ಕುಣಿದವರಿಗೆ ಇದು ಅಚ್ಚರಿ ತರಲಾರದು. 1884ರ ಅಕ್ಟೋಬರಿನಲ್ಲಿ ಸ್ಯಾನ್ ಫರ್ನಾಂಡೊ ಪಟ್ಟಣಕ್ಕೆ ಇದೇ ಮೆರವಣಿಗೆ ಬರಕೂಡದೆಂದು ಸರ್ಕಾರ ಗುಂಡು ಹಾರಿಸಿ ಹಲವರನ್ನು ಕೊಂದಿತ್ತು ಎಂಬುದು ತಿಳಿದಿದ್ದರೆ ರಸ್ತೆಬದಿಯಲ್ಲಿ ನಿಂತು ನೋಡುವ ರೀತಿಯೇ ಬೇರೆಯಾಗುತ್ತದೆ.

ಕನ್ನಡಿಗರು ಹುಡುಕಿಕೊಂಡು ಹೋಗುವ ಒಂದು ಜಾಗ ಕ್ಯಾರಪಿಚೈಮಾ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಪೀಠಕ್ಕೆ ಸೇರಿದ ದತ್ತಾತ್ರೇಯ ದೇವಸ್ಥಾನ ಅಲ್ಲಿದೆ, ದ್ರಾವಿಡ ಶೈಲಿಯದು. ಎದುರಿಗೆ 85 ಅಡಿ ಎತ್ತರದ ಹನುಮಂತ. ಊರಿನ ನೆನಪಾದಾಗ ಹೋಗಲು ಒಳ್ಳೆಯ ಸ್ಥಳ. ಆದರೆ ಅಲ್ಲಿಂದಲೇ ತಿರುಗಿ ಬರದೆ ಹತ್ತಿರದ ವಾಟರ್‌ಲೂ ಕಡಲತೀರಕ್ಕೂ ಹೋಗಬೇಕು. ಶಿವದಾಸ ಸಾಧು ಎಂಬವರು 1947ರಲ್ಲಿ ಅಲ್ಲಿ ಒಂದು ಸಣ್ಣ ಗುಡಿ ಕಟ್ಟಿದರು. ನೆಲ ಸಕ್ಕರೆ ಕಂಪನಿಯದು. 1952ರಲ್ಲಿ ಗುಡಿಯನ್ನು ಕೆಡವಿ ಅವರನ್ನು ಜೈಲಿಗೆ ಹಾಕಲಾಯಿತು. ಸಮುದ್ರ ಯಾವ ಕಂಪನಿಯದೂ ಅಲ್ಲವಲ್ಲ ಎಂದುಕೊಂಡ ಸಾಧು, ಬಿಡುಗಡೆಯಾದ ಮೇಲೆ ಇಳಿತದ ಹೊತ್ತು ನೋಡಿ, ಸೈಕಲ್ಲಿನ ಮೇಲೆ ಕಲ್ಲು ಗಾರೆ ಹೇರಿಕೊಂಡು ಹೋಗಿ, ನೀರಿನೊಳಗೇ ದಾರಿಯನ್ನೂ ಗುಡಿಯನ್ನೂ ಎಬ್ಬಿಸಿದರು. ವರ್ಷಗಟ್ಟಲೆ ಒಬ್ಬರೇ ಮಾಡಿದ ಕೆಲಸ. 1970ರಲ್ಲಿ ಅವರು ತೀರಿಕೊಂಡಾಗ ಅದು ಪೂರ್ತಿಯಾಗಿರಲಿಲ್ಲ. ಅಲೆ ತಿಂದ ಗುಡಿಯನ್ನು 1995ರಲ್ಲಿ, ಮೊದಲ ಹಡಗು ಬಂದು ನೂರೈವತ್ತು ವರ್ಷ ತುಂಬಿದಾಗ, ಸರ್ಕಾರ ಮತ್ತು ಊರವರು ಸೇರಿ ಮತ್ತೆ ಕಟ್ಟಿಸಿದರು. ಈಗ ದಡದಲ್ಲಿ ಸಾಧುವಿನ ಪ್ರತಿಮೆ ಇದೆ. ಪಕ್ಕದಲ್ಲೇ ಸ್ಮಶಾನ, ಚಿತೆ ಉರಿಯುತ್ತಿರುವ ದಿನ ಅಲ್ಲಿ ಕ್ಯಾಮೆರಾ ಹೊರತೆಗೆಯಬಾರದು.