ಕೊಳಗ ಯಾರ ಕೈಯಲ್ಲಿ?

(ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸಭೆ ಆರಂಭವಾಗುವ ಮುಂಚೆ ಕಿರಾಣಿ ಅಂಗಡಿಯ ಗೆಳೆಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, "ಸ್ವಾಮಿ, ನಿಮ್ಮ ಸಮಾಜವಾದ ಬಂದರೆ ನನ್ನ ಅಂಗಡಿಯ ಗತಿ ಏನು?" ಎಂದು ಕೇಳಿದರು. ಹಿಂದೆ ನಿಂತಿದ್ದ ಮಿಲ್ಲಿನ ಕಾರ್ಮಿಕರು ನಕ್ಕುಬಿಟ್ಟರು. ಅದು ನಗುವಂಥ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಕೊಡಲಾರದವರು ಸಮಾಜವಾದದ ಮಾತನ್ನೇ ಎತ್ತಬಾರದು. ಆದರೆ ಉತ್ತರಕ್ಕೆ ಮೊದಲು ನಿಮ್ಮನ್ನು ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಕಣಕ್ಕೆ ಕರೆದುಕೊಂಡು ಹೋಗಬೇಕಾಗಿದೆ.

ಹಳ್ಳಿಯ ಹೆಸರು ಕಾಗೋಡು. ಗದ್ದೆ ಒಡೆಯರದು, ಬೆವರು ಗೇಣಿದಾರರದು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಸುಗ್ಗಿಯಾದ ಮೇಲೆ ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಎಷ್ಟು ಕೊಳಗ ಎಂಬುದು ಕರಾರಿನ ಮಾತು. ಆದರೆ ಕೊಳಗ ಎಷ್ಟು ದೊಡ್ಡದಿರಬೇಕು? ಅದನ್ನು ಗೊತ್ತುಮಾಡುತ್ತಿದ್ದವರು ಒಡೆಯರು! ಸರಕಾರ ಒಪ್ಪಿದ ಅಳತೆಗಿಂತ ದೊಡ್ಡ ಕೊಳಗದಲ್ಲಿ ಭತ್ತವನ್ನು ಅಳೆದುಕೊಳ್ಳುತ್ತಿದ್ದರು. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದರ ಮುಟ್ಟದೆ, ಬಟ್ಟು ಬದಲಾಯಿಸಿಯೇ ಗಿರಾಕಿಯನ್ನು ಮುಳುಗಿಸಬಹುದೆಂಬುದು ನಿಮಗೆ ಗೊತ್ತು. ರೈತರು ಕೇಳಿದ್ದು ಬಹಳ ಸಣ್ಣದು: ಸರಕಾರದ ಕೊಳಗದಲ್ಲಿ ಅಳೆಯಿರಿ ಎಂದು. ಆ ಸಣ್ಣ ಮಾತಿಗೆ ಉಳುವ ಗದ್ದೆಯೇ ಕೈತಪ್ಪುವ ಹೊತ್ತು ಬಂತು.

1951ರ ಏಪ್ರಿಲ್ 18ರಂದು ಅವರು ನೇಗಿಲು ಹೊತ್ತು ಗದ್ದೆಗೆ ಇಳಿದರು. ಎಚ್. ಗಣಪತಿಯಪ್ಪನವರ ರೈತ ಸಂಘ ಬೆನ್ನಿಗಿತ್ತು, ಸಮಾಜವಾದಿ ಪಕ್ಷ ಜೊತೆಗೂಡಿತು. ತಂಡ ತಂಡವಾಗಿ ಇಳಿದವರನ್ನು ಪೋಲೀಸರು ಹಿಡಿದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. 1952ರ ಚುನಾವಣೆಯಲ್ಲಿ ಅದೇ ಸೀಮೆಯ ಜನ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. 1961ರಲ್ಲಿ ಭೂಸುಧಾರಣೆಯ ಕಾಯಿದೆ ಆಯಿತು, ಹಲ್ಲಿಲ್ಲದ ಕಾಯಿದೆ. 1974ರ ತಿದ್ದುಪಡಿ ಬಂದ ಮೇಲೆಯೇ ಗೇಣಿಯ ಭೂಮಿ ಉಳುವವನ ಹೆಸರಿಗೆ ಬರುವ ದಾರಿ ತೆರೆಯಿತು. ಕಣದಲ್ಲಿ ಎದ್ದ ಕೊಳಗದ ಜಗಳ ಅಲ್ಲಿಗೆ ಮುಟ್ಟಲು 23 ವರ್ಷ ಹಿಡಿಯಿತು.

ಸಮಾಜವಾದವೆಂದರೆ ಇದ್ದುದನ್ನೆಲ್ಲ ರಾಶಿ ಹಾಕಿ ಸಮನಾಗಿ ಹಂಚುವುದೆಂದು ವಿರೋಧಿಗಳು ಹೇಳುತ್ತಾರೆ; ನಮ್ಮವರೇ ಕೆಲವರು ಹಾಗೆ ತಿಳಿದಿದ್ದಾರೆ. ಹಂಚುವ ಮಾತು ಆಮೇಲಿನದು. ದುಡಿದದ್ದನ್ನು ಅಳೆಯುವ ಅಧಿಕಾರ ಯಾರದು, ಅಳೆಯುವವನ ಕೈಹಿಡಿದು ನಿಲ್ಲಿಸಿ ಕೇಳುವ ಹಕ್ಕು ದುಡಿದವನಿಗೆ ಉಂಟೋ ಇಲ್ಲವೋ ಎಂಬುದು ಮೊದಲಿನದು.

ಆದುದರಿಂದಲೇ, ಕೊಳಗವನ್ನು ಒಡೆಯನಿಂದ ಕಿತ್ತು ಅಮಲ್ದಾರನ ಕೈಗೆ ಕೊಟ್ಟರೆ ಸಮಾಜವಾದ ಬಂದಂತಾಯಿತು ಎಂದು ನಾವು ಒಪ್ಪುವುದಿಲ್ಲ. ರಷ್ಯದಲ್ಲಿ 1917ರ ಕ್ರಾಂತಿಯ ತರುವಾಯ ಕಾರ್ಖಾನೆಗಳು ಸರಕಾರದವಾದವು. ಸರಿ. ಆದರೆ 1962ರ ಜೂನ್‌ನಲ್ಲಿ ನೊವೊಚೆರ್ಕಾಸ್ಕ್ ಎಂಬ ಊರಿನ ರೈಲ್ವೆ ಎಂಜಿನ್ ಕಾರ್ಖಾನೆಯ ಕಾರ್ಮಿಕರು ಮಾಂಸ, ಬೆಣ್ಣೆಗಳ ಬೆಲೆ ಏರಿತೆಂದು ಕೆಲಸ ನಿಲ್ಲಿಸಿ ಬೀದಿಗೆ ಬಂದಾಗ, ಕಾರ್ಮಿಕರದೇ ಎಂದು ಹೇಳಿಕೊಳ್ಳುತ್ತಿದ್ದ ಸರಕಾರದ ಸೈನ್ಯ ಅವರ ಮೇಲೆ ಗುಂಡು ಹಾರಿಸಿತು. ಸುದ್ದಿಯನ್ನು ವರ್ಷಗಟ್ಟಲೆ ಮುಚ್ಚಿಟ್ಟರು. ಮುಷ್ಕರ ಹೂಡುವ ಹಕ್ಕಿಲ್ಲದ ಕಡೆ, ಪತ್ರಿಕೆಗೆ ಬಾಯಿಲ್ಲದ ಕಡೆ, ಕಾರ್ಖಾನೆಯ ಬಾಗಿಲಿನ ಮೇಲೆ ಯಾವ ಬಣ್ಣದ ಬಾವುಟ ಹಾರಿದರೇನು?

ಈಗ ಅಂಗಡಿಯ ಪ್ರಶ್ನೆ. ಇಂಗ್ಲೆಂಡಿನ ರಾಚ್‌ಡೇಲ್ ನಿಮ್ಮಂಥ ಗಿರಣಿಯ ಊರು. ಅಲ್ಲಿ ನೇಕಾರರೂ ಬೇರೆ ಕಸುಬಿನವರೂ ಸೇರಿ 28 ಮಂದಿ, ತಲೆಗೆ ಒಂದು ಪೌಂಡಿನಂತೆ ಕೂಡಿಸಿ, 1844ರ ಡಿಸೆಂಬರ್ 21ರಂದು ಒಂದು ಅಂಗಡಿ ತೆರೆದರು. ಇದ್ದ ಸಾಮಾನು ಹಿಟ್ಟು, ಬೆಣ್ಣೆ, ಸಕ್ಕರೆಗಳಂಥ ನಾಲ್ಕಾರು ಪದಾರ್ಥ. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸವಿಲ್ಲ, ಉದ್ರಿಯೂ ಇಲ್ಲ. (ಈ ಕೊನೆಯದನ್ನು ಕೇಳಿ ವರ್ತಕ ಮಿತ್ರರ ಮುಖ ಅರಳಿತು!) ಎಷ್ಟೇ ಪಾಲು ಹಾಕಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ, ಉಳಿದ ಲಾಭ, ಯಾರು ಎಷ್ಟು ಕೊಂಡರೋ ಅದಕ್ಕೆ ತಕ್ಕಂತೆ. ನಮ್ಮ ನಾಡಿನಲ್ಲೂ 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಮುಂದೆ ಎಷ್ಟೋ ಸಂಘಗಳು ದೊಡ್ಡ ಮನೆಗಳ ಜಗಲಿಗೆ ಹೋಗಿ ಕುಳಿತವು. ಮತವಿದ್ದವರು ಲೆಕ್ಕ ಕೇಳಲು ಹೋಗಲಿಲ್ಲ.

ಗೆಳೆಯರೇ, ನಿಮ್ಮ ಅಂಗಡಿಯನ್ನು ಕಸಿದುಕೊಂಡು ನಾವೇನು ಮಾಡೋಣ? ಬೆಳಿಗ್ಗೆ ಬಾಗಿಲು ತೆಗೆದು ರಾತ್ರಿಯವರೆಗೆ ನೀವೇ ಕೂತು ತೂಗುತ್ತೀರಿ. ಆದರೆ ಸಗಟು ಮಂಡಿಯವನು ಹೇಳಿದ ದರ, ಸಾಲ ಕೊಟ್ಟವನು ಹೇಳಿದ ಬಡ್ಡಿ. ಅಲ್ಲಿ ನೀವೂ ದೊಡ್ಡ ಕೊಳಗದ ಮುಂದೆ ನಿಂತ ಗೇಣಿದಾರರೇ. ಹತ್ತು ಅಂಗಡಿಯವರು ಕೂಡಿ ಸಾಮಾನು ತರಿಸಿಕೊಂಡರೆ ಅದೂ ಸಮಾಜವಾದದ ಕೆಲಸವೇ. ಆದರೆ ನಿಮ್ಮ ಅಂಗಡಿಯ ಹುಡುಗನ ಸಂಬಳವನ್ನು ಯಾವ ಕೊಳಗದಲ್ಲಿ ಅಳೆಯುತ್ತಿದ್ದೀರಿ ಎಂದು ನಾವು ಕೇಳುತ್ತೇವೆ. ಬೇಸರ ಪಡಬೇಡಿ.

ಕಾರ್ಮಿಕ ಬಂಧುಗಳಿಗೆ ಗಡಿಯಾರವೇ ಕೊಳಗ. 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. 2023ರಲ್ಲಿ ಕರ್ನಾಟಕದ ತಿದ್ದುಪಡಿ, ವಾರದ ಮಿತಿಯನ್ನು ಹಾಗೆಯೇ ಇಟ್ಟು, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿಮಾಡಿತು. ಅದಕ್ಕೆ ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕೆಂದಿತು. ಒಂಟಿಯಾಗಿ ಆಫೀಸಿನ ಮೇಜಿನ ಮುಂದೆ ನಿಂತು, ಪೆನ್ನು ಅವರೇ ಕೈಗಿತ್ತಾಗ ಬೀಳುವ ಸಹಿಯನ್ನು ಒಪ್ಪಿಗೆ ಎನ್ನೋಣವೆ? ಅಂಥ ಕಾಗದಕ್ಕೆ ಸಹಿ ಹಾಕಿದವರು ಈ ಸಭೆಯಲ್ಲಿದ್ದರೆ, ಮುಗಿದ ಮೇಲೆ ಹೊರಡದೆ ಇಲ್ಲಿಯೇ ಇರಿ. ಕಾಗದದ ನಕಲು ಇದ್ದರೆ ತನ್ನಿ. ಒಟ್ಟಿಗೆ ಕೂತು ಓದೋಣ.